ಕನ್ನಡದ ಕಿವಿ ಯಾರ ಮನೆಯಲ್ಲಿದೆ?

ರನ್ನನ ಮುಧೋಳದಲ್ಲಿ ಕುಳಿತು 'ಗದಾಯುದ್ಧ'ದ ಟಿಪ್ಪಣಿಗಳನ್ನು ಬಾಯಿಂದ ಹೇಳಿ ಬರೆಯಿಸುವ ನಮ್ಮ ವಿದ್ವಾಂಸರು, ಆ ಧ್ವನಿಯನ್ನು ಯಾವುದೋ ಕಂಪನಿಯ ಸರ್ವರ್‌ಗೆ ಕಳುಹಿಸುತ್ತಿದ್ದಾರೆ. "ಮೊಬೈಲೇ ಬರೆದುಕೊಡುತ್ತದಲ್ಲ ಸರ್, ಲಿನಕ್ಸ್ ಯಾಕೆ?" ಎನ್ನುವ ಸಂಶೋಧನ ವಿದ್ಯಾರ್ಥಿಗಳಿಗೆ ನನ್ನ ಉತ್ತರವಿಷ್ಟೆ: ಅಪ್ರಕಟಿತ ಸಂಶೋಧನೆಯನ್ನು ಪರರ ಯಂತ್ರಕ್ಕೆ ಒಪ್ಪಿಸುವುದು ಅಜಾಗರೂಕತೆ.

ಅಂತರ್ಜಾಲವಿಲ್ಲದೆ ನಡೆಯುವ ಮುಕ್ತ ತಂತ್ರಾಂಶಗಳಿವೆ. 2022ರಲ್ಲಿ ಬಂದ ವಿಸ್ಪರ್ ಕನ್ನಡವನ್ನೂ ಬಲ್ಲದು. ಆದರೆ ಅದು ಕಲಿತ 6,80,000 ಗಂಟೆಗಳ ಧ್ವನಿಯಲ್ಲಿ ಕನ್ನಡದ ಪಾಲು ತೀರಾ ಅಲ್ಪ. ಮದ್ರಾಸ್ ಐಐಟಿಯ ಎಐ4ಭಾರತ್ ಹೊರತಂದ ಇಂಡಿಕ್‌ಕನ್ಫಾರ್ಮರ್ ಕನ್ನಡವೂ ಸೇರಿ 22 ಭಾರತೀಯ ಭಾಷೆಗಳಿಗೆಂದೇ ಸಿದ್ಧವಾದದ್ದು. ಅದನ್ನು ಅಳವಡಿಸಿಕೊಳ್ಳಲು ಮಾತ್ರ ಕನ್ನಡ ಎಂ.ಎ. ಸಾಲದು!

ಹಳಗನ್ನಡದ ೞ, ಱಗಳನ್ನು ಯಂತ್ರ ಗುರುತಿಸದೆಂದು ದೂರಲಾರೆ. ಅವುಗಳ ಉಚ್ಚಾರಣೆಯನ್ನು ನಾವೇ ಕಳೆದುಕೊಂಡಿದ್ದೇವೆ. ಜಮಖಂಡಿ, ಬೀಳಗಿಗಳ ಆಡುನುಡಿಯಾದರೋ ಇನ್ನೂ ಜೀವಂತ. ಬನಹಟ್ಟಿಯ ನೇಕಾರರ 'ಹೋಗ್ಯಾನ', 'ಬಂದಾಳ'ಗಳಿಗೆ ಯಂತ್ರ ತಡವರಿಸಿದರೆ, ಅದಕ್ಕೆ ಅವನ್ನು ಕೇಳಿಸದ ನಾವೇ ಹೊಣೆ. ಉಪಭಾಷಾ ಅಧ್ಯಯನಕ್ಕೆಂದು ಸಂಗ್ರಹಿಸಿದ ಧ್ವನಿಮುದ್ರಿಕೆಗಳು, ನನ್ನವೂ ಸೇರಿ, ಪಿಎಚ್.ಡಿ. ಪದವಿ ಬಂದಂದಿನಿಂದ ಕಪಾಟಿನಲ್ಲಿ ಮಲಗಿವೆ. ಮಾತಾಡಿದವರ ಒಪ್ಪಿಗೆ ಪಡೆದು, ಬರಹರೂಪದೊಡನೆ ಮುಕ್ತ ಪರವಾನಗಿಯಲ್ಲಿ ಅವನ್ನು ಹೊರತರಲು ಯಾವ ಸರ್ಕಾರಿ ಆದೇಶಕ್ಕೆ ಕಾಯುತ್ತಿದ್ದೇವೆ?