ಗಿರಾಕಿ ಕೇಳುವ ಪ್ರಶ್ನೆಯಿಂದ ಶುರು ಮಾಡಿ

ಚಳಿಗಾಲ ಶುರುವಾಯಿತೆಂದರೆ ಗಾಣದ ಎಣ್ಣೆ ಮಾರುವವರ ಫೋನಿಗೆ ಒಂದೇ ಬಗೆಯ ದೂರು ಬರತೊಡಗುತ್ತದೆ. ‘ಕೊಬ್ಬರಿ ಎಣ್ಣೆ ಗಟ್ಟಿಯಾಗಿಬಿಟ್ಟಿದೆ, ಏನು ಬೆರೆಸಿದ್ದೀರಿ?’ ಕಡಲೆಕಾಯಿ ಎಣ್ಣೆ ಒಯ್ದವರದು ಇನ್ನೊಂದು: ‘ಡಬ್ಬಿಯ ತಳದಲ್ಲಿ ಮಡ್ಡಿ ಕೂತಿದೆಯಲ್ಲ?’ ಮೂರನೆಯ ಪ್ರಶ್ನೆಗೆ ಕಾಲದ ಹಂಗಿಲ್ಲ: ‘ಪ್ಯಾಕೆಟ್ ಎಣ್ಣೆಗಿಂತ ಇಷ್ಟು ದುಬಾರಿ ಯಾಕೆ?’ ಅಂಗಡಿಯವರು ಇದಕ್ಕೆಲ್ಲ ಗಲ್ಲಾ ಮುಂದೆಯೇ ತಾಳ್ಮೆಯಿಂದ ಉತ್ತರ ಹೇಳುತ್ತಾರೆ, ಮರುದಿನ ಬಂದವರಿಗೂ ಅದನ್ನೇ ಹೇಳುತ್ತಾರೆ. ಆದರೆ ಮೊಬೈಲ್ ಹಿಡಿದು ಕೂತಾಗ ಆ ಉತ್ತರ ಮರೆತುಹೋಗಿ, ‘ಶುದ್ಧ ಗಾಣದ ಎಣ್ಣೆ, ಇಂದೇ ಆರ್ಡರ್ ಮಾಡಿ’ ಎಂಬ ಪೋಸ್ಟರ್ ಹೊರಬೀಳುತ್ತದೆ. ನೆಂಟರಿಷ್ಟರು ಲೈಕ್ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಜನರನ್ನು ಸೇರಿಸುವ ಶಕ್ತಿ ಇದ್ದದ್ದು ಪೋಸ್ಟರ್‌ನಲ್ಲಲ್ಲ, ಗಲ್ಲಾ ಮುಂದೆ ಆಡಿದ ಆ ಮಾತಿನಲ್ಲಿ.

ಕಂಟೆಂಟ್ ಮಾರ್ಕೆಟಿಂಗ್ ಎಂದು ದೊಡ್ಡ ಹೆಸರಿಟ್ಟು ಹೇಳುವುದರ ತಿರುಳು ಇಷ್ಟೇ. ಕೊಳ್ಳಲಿ ಬಿಡಲಿ, ಕೇಳಿದವರಿಗೆ ಉಪಯೋಗಕ್ಕೆ ಬರುವ ಮಾಹಿತಿಯನ್ನು ಪುಕ್ಕಟೆಯಾಗಿ, ಬಿಡದೆ ಕೊಡುತ್ತಾ ಹೋಗುವುದು. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಅಮೆರಿಕದ ಜಾನ್ ಡಿಯರ್ ಕಂಪನಿ 1895ರಲ್ಲೇ ‘ದಿ ಫರೋ’ ಎಂಬ ಪತ್ರಿಕೆ ಶುರುಮಾಡಿ ರೈತರಿಗೆ ಬೇಸಾಯದ ವಿಷಯ ತಿಳಿಸತೊಡಗಿತು. ಪತ್ರಿಕೆ ಇಂದಿಗೂ ನಡೆಯುತ್ತಿದೆ, ಕಂಪನಿಯ ಯಂತ್ರಗಳ ಗುಣಗಾನ ಅದರಲ್ಲಿ ಕಾಣುವುದೇ ಅಪರೂಪ. ಟೈರು ತಯಾರಿಸುವ ಮಿಶ್ಲೆನ್ ಸಹೋದರರು 1900ರಲ್ಲಿ ವಾಹನ ಚಾಲಕರಿಗೆಂದು ಒಂದು ಕೈಪಿಡಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿ ಕಾರುಗಳಿದ್ದದ್ದೇ ಮೂರು ಸಾವಿರದ ಒಳಗೆ; ಅವರು ಅಚ್ಚು ಹಾಕಿಸಿದ್ದು ಸುಮಾರು 35,000 ಪ್ರತಿ. ಟೈರು ಬದಲಿಸುವ ಬಗೆ, ಪೆಟ್ರೋಲು ಸಿಗುವ ಊರು, ರಾತ್ರಿ ತಂಗಲು ಹೋಟೆಲು, ಎಲ್ಲವೂ ಅದರಲ್ಲಿತ್ತು. ಜನ ಹೆಚ್ಚು ಓಡಾಡಿದರೆ ಟೈರು ಸವೆಯುತ್ತದೆ ಎಂಬ ಲೆಕ್ಕ ಹಿಂದಿತ್ತು ನಿಜ. ಆದರೆ ಓದುಗನಿಗೆ ದಕ್ಕಿದ್ದು ಅವನಿಗೆ ಬೇಕಾದ ಮಾಹಿತಿ.

ನಮ್ಮಲ್ಲೇ ಇರುವ ಉದಾಹರಣೆ ನನಗೆ ಇವೆರಡಕ್ಕಿಂತ ಮುಖ್ಯ ಅನಿಸುತ್ತದೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಸರಕು ಮಾರಲು ಹುಟ್ಟಿದ್ದಲ್ಲ. ಆದರೆ ಓದುಗರು ಹೇಗೆ ಸೇರುತ್ತಾರೆ ಎಂಬ ಪಾಠ ಅದರಲ್ಲಿದೆ. ಪತ್ರಿಕೆ ನಡೆಸಿದ ಶ್ರೀ ಪಡ್ರೆಯವರು ಮತ್ತು ಗೆಳೆಯರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ತೋಟದಲ್ಲಿ ಮಾಡಿ ನೋಡಿದವನೇ ಬರೆದ, ಅಂಥದ್ದೇ ತೊಂದರೆ ಇದ್ದ ಇನ್ನೊಬ್ಬ ಓದಿದ. 2021ರಲ್ಲಿ ಬಾಳೆಕಾಯಿಗೆ ಬೆಲೆಯಿಲ್ಲದೆ ಬೆಳೆಗಾರರು ಕಂಗೆಟ್ಟಾಗ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿ, ಹಬ್ಬಿದ್ದೂ ಹೀಗೆಯೇ. ಮಲೆನಾಡು, ಕರಾವಳಿಯ ಗೃಹಿಣಿಯರು ಅದರಲ್ಲಿ ದೋಸೆ, ರೊಟ್ಟಿ, ಗುಲಾಬ್ ಜಾಮೂನು ಮಾಡಿ ಫೋಟೊ ಮತ್ತು ಅಳತೆ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡರು. ‘ಹುಡಿ ಕೊಳ್ಳಿ’ ಎಂಬ ಮಾತಿಗಿಂತ ‘ನಮ್ಮನೆಯಲ್ಲಿ ಹೀಗೆ ಮಾಡಿದೆವು’ ಎಂಬ ಮಾತು ಮುಂದೆ ನಿಂತಿತು. ನೋಡಿದವರು ತಾವೂ ಮಾಡಿದರು, ಮಾಡಿದ್ದನ್ನು ತಾವೂ ಹಾಕಿದರು.

ಹಾಗಾದರೆ ಎಣ್ಣೆ ಮಾರುವವರು ಏನು ಮಾಡಬೇಕು? ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಗಿರಾಕಿ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಒಂದು ತಿಂಗಳು ಬರೆದರೆ ವರ್ಷಕ್ಕಾಗುವಷ್ಟು ವಿಷಯ ಸಿಗುತ್ತದೆ. ಮೇಲಿನ ಮೂರನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಕಡಲೆಬೀಜ ಬೇಕು. ಆ ಬೀಜವನ್ನು ಕ್ಯಾಮೆರಾ ಮುಂದೆಯೇ ತಕ್ಕಡಿಗೆ ಹಾಕಿ, ಮುಳ್ಳು ಕಾಣುವಂತೆ ತೂಗಿ. ಗಾಣಕ್ಕೆ ಸುರಿಯಿರಿ. ಇಳಿದ ಎಣ್ಣೆ ಎಷ್ಟು, ಉಳಿದ ಹಿಂಡಿ ಎಷ್ಟು, ಅದನ್ನೂ ತೂಗಿ. ಬೀಜದ ದರ, ಕರೆಂಟು, ಕೂಲಿ ಒಂದು ಹಾಳೆಯಲ್ಲಿ ಬರೆದು, ಹಿಂಡಿ ಮಾರಿ ಬಂದ ಹಣ ಕಳೆದು ತೋರಿಸಿ, ನಿಮ್ಮ ಲಾಭವನ್ನೂ ಮುಚ್ಚಿಡದೆ ಹೇಳಿ. ಐದು ನಿಮಿಷದ ಈ ವಿಡಿಯೊ ನೋಡಿದವರು ಮತ್ತೆ ದುಬಾರಿ ಯಾಕೆಂದು ಕೇಳುವುದಿಲ್ಲ. ಕೊಬ್ಬರಿ ಎಣ್ಣೆಯದು ಇನ್ನೂ ಸುಲಭ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುವುದು ಸಹಜ. ಗಟ್ಟಿಯಾದ ಬಾಟಲಿಯನ್ನು ಬಿಸಿಲಿಗಿಟ್ಟು ಕರಗುವುದನ್ನು ತೋರಿಸಿದರೆ ಸಾಕು. ಆದರೆ ಗಟ್ಟಿಯಾದದ್ದೆಲ್ಲ ಶುದ್ಧ ಎಂದು ಮಾತ್ರ ಹೇಳಬೇಡಿ, ಅದು ಸುಳ್ಳಾಗುತ್ತದೆ.

ತಲೆಬರಹವೂ ನೋಟ್‌ಬುಕ್ಕಿನಿಂದಲೇ ಬರಲಿ. ‘ನಮ್ಮ ಗಾಣದ ವಿಶೇಷತೆಗಳು’ ಎಂದು ಯಾರೂ ಹುಡುಕುವುದಿಲ್ಲ, ‘ಕೊಬ್ಬರಿ ಎಣ್ಣೆ ಗಟ್ಟಿ ಆಗೋದು ಯಾಕೆ’ ಎಂದು ಹುಡುಕುತ್ತಾರೆ. ನಮ್ಮ ಜನ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದೂ ಉಂಟು, ಮೈಕ್ ಒತ್ತಿ ಬಾಯಿಂದಲೇ ಕೇಳುವುದೂ ಉಂಟು. ಹಾಗಾಗಿ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಎರಡೂ ಲಿಪಿಯಲ್ಲಿ ಆ ಪ್ರಶ್ನೆಯನ್ನು ಬರೆಯುವುದು ಒಳ್ಳೆಯದು. ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ’ ಎಂದು ಅರ್ಧ ನಿಮಿಷ ಕಳೆದರೆ ನೋಡುವವರು ಜಾರಿಕೊಳ್ಳುತ್ತಾರೆ. ಅವರು ಯಾವ ಸೆಕೆಂಡಿನಲ್ಲಿ ಎದ್ದು ಹೋದರು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ಗೆರೆ ಎಳೆದು ತೋರಿಸುತ್ತದೆ. ಲೈಕ್‌ಗಿಂತ ಆ ಗೆರೆಯನ್ನು ನೋಡುವುದು ಲಾಭ.

ಇಷ್ಟೆಲ್ಲ ಮಾಡಿ ಸೇರಿಸಿದ ಜನ ನಿಜಕ್ಕೂ ಯಾರ ಬಳಿ ಇದ್ದಾರೆ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರಿಗೆ ಆ ಆ್ಯಪ್ ಮೂಲಕ ಅವರಲ್ಲಿ ಒಬ್ಬರನ್ನೂ ತಲುಪುವ ದಾರಿ ಉಳಿಯಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎಲ್ಲವೂ ಬಾಡಿಗೆ ಮನೆಗಳೇ. ಮಾಲೀಕ ಬಿಡು ಎಂದ ದಿನ ಬಿಡಬೇಕು. ಅಲ್ಲಿ ಪರಿಚಯವಾದವರನ್ನು ನಿಮ್ಮದೇ ಪಟ್ಟಿಗೆ ತಂದುಕೊಳ್ಳುವುದೇ ನಿಜವಾದ ಕೆಲಸ ಎಂದು ನಾನು ನಂಬುತ್ತೇನೆ. ಸಣ್ಣ ವ್ಯಾಪಾರಕ್ಕೆ ಫೋನ್ ನಂಬರಿನ ಪಟ್ಟಿಯೇ ಸಾಕು. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ನ ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ ಎಂಬ ಷರತ್ತಿದೆ. ಇದನ್ನು ತೊಡಕೆಂದು ತಿಳಿಯಬೇಡಿ, ಬೇಕೆಂದವರು ಮಾತ್ರ ಉಳಿಯುವ ಜರಡಿ ಅದು. ‘ನಮ್ಮ ನಂಬರ್ ಸೇವ್ ಮಾಡಿಕೊಂಡು ಒಂದು ಮೆಸೇಜ್ ಹಾಕಿ, ಹೊಸ ಬೀಜದ ಎಣ್ಣೆ ಬಂದಾಗ ತಿಳಿಸುತ್ತೇವೆ’ ಎಂದು ಬಿಲ್ಲಿನ ಮೇಲೂ ವಿಡಿಯೊದ ಕೊನೆಯಲ್ಲೂ ಹೇಳಿ. ಕೇಳದೆ ಯಾರನ್ನೂ ಗ್ರೂಪಿಗೆ ಎಳೆದು ತರಬೇಡಿ. ವಾರಕ್ಕೊಂದು ಸಂದೇಶ ಸಾಕು, ಅದು ತಪ್ಪದೆ ಹೋಗಲಿ. ಶುಭೋದಯದ ಹೂವಿನ ಚಿತ್ರಗಳಿಗೆ ಅಲ್ಲಿ ಜಾಗ ಬೇಡ.

ಬೇರೆಯವರು ಈಗಾಗಲೇ ಸೇರಿಸಿರುವ ಜನರ ನಡುವೆ ಹೋಗುವುದೂ ಒಂದು ದಾರಿ. ಹಸು ಸಾಕುವವರ ಗುಂಪಿನಲ್ಲಿ ಹಿಂಡಿಯ ಬಗ್ಗೆ ತಿಳಿದದ್ದನ್ನು ಹೇಳಬಹುದು. ಅಡುಗೆ ಚಾನೆಲ್ ನಡೆಸುವವರಿಗೆ ಎಣ್ಣೆ ಕಳಿಸಬಹುದು, ಆದರೆ ಪುಕ್ಕಟೆ ಸಿಕ್ಕಿದ್ದು ಎಂದು ಅವರು ವಿಡಿಯೊದಲ್ಲೇ ತಿಳಿಸಬೇಕು. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ.

ಜನ ಸೇರತೊಡಗಿದಾಗ ಎದುರಾಗುವ ದೊಡ್ಡ ಆಸೆ, ಎಣ್ಣೆಯನ್ನು ಔಷಧಿ ಮಾಡಿಬಿಡುವುದು. ಮಂಡಿನೋವು ಹೋಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದ ವಿಡಿಯೊಗೆ ನೋಟ ಹೆಚ್ಚು ಸಿಗುವುದು ಹೌದು. ಆದರೆ ಅದನ್ನು ನಂಬಿ ಯಾರೋ ಮಾತ್ರೆ ಬಿಟ್ಟರೆ ಆಗುವ ಅನಾಹುತಕ್ಕೆ ಬೆಲೆ ಕಟ್ಟಲಾಗದು. ಕಾಯಿಲೆ ವಾಸಿಮಾಡುತ್ತದೆ ಎಂದು ಆಹಾರ ಪದಾರ್ಥದ ಬಗ್ಗೆ ಜಾಹೀರಾತು ಮಾಡುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯಲ್ಲಿ ತಡೆಯಿದೆ. ವಿಡಿಯೊ ತಾನೇ ಎಂದು ಅದರಿಂದ ತಪ್ಪಿಸಿಕೊಳ್ಳಲಾಗದು. ಗಿರಾಕಿ ಕಾಯಿಲೆಯ ವಿಷಯ ಕೇಳಿದರೆ ‘ಅದನ್ನು ಡಾಕ್ಟರ್ ಹತ್ತಿರ ಕೇಳಿ, ಎಣ್ಣೆ ಹೇಗೆ ತೆಗೆಯುತ್ತೇವೆ ಅನ್ನುವುದನ್ನು ನಾವು ತೋರಿಸುತ್ತೇವೆ’ ಎಂದು ಹೇಳಿ.