ಪ್ರತಿಕೃತಿಗೆ ಮುನ್ನ ಪ್ರಮಾಣ

ಹಳೆಯ ವಿಕ್ರಾಂತವೆಂಬ ವಿಮಾನವಾಹಕ ನೌಕೆಯ ಪ್ರತಿಕೃತಿಯನ್ನು ರಚಿಸಹೊರಟ ಬಾಲಕರು ಮೊದಲು ಅಂಟನ್ನೂ ಬಣ್ಣವನ್ನೂ ತರಿಸುವರು. ನಾವಾದರೋ, ಮೊದಲು ವರ್ಷವನ್ನು ಗೊತ್ತುಮಾಡಿರೆನ್ನುವೆವು. ಸಂಸ್ಕೃತದಲ್ಲಿ ಪ್ರಮಾಣವೆಂದರೆ ಅಳತೆಯೂ ಹೌದು, ಸಾಕ್ಷ್ಯವೂ ಹೌದು. ಅಳತೆ ಸುಲಭ: 700 ಅಡಿಯ ಹಡಗನ್ನು 700ರಲ್ಲೊಂದಂಶಕ್ಕಿಳಿಸಿದರೆ ಒಂದಡಿ. ಸಾಕ್ಷ್ಯವೇ ಕಷ್ಟ. 1971ರ ಯುದ್ಧದಲ್ಲಿ ಸೀ ಹಾಕ್ ವಿಮಾನಗಳು ಅದರಿಂದ ಹಾರಿದಾಗ ಮೇಲಟ್ಟವು ತುದಿಯವರೆಗೂ ಸಮತಟ್ಟಾಗಿದ್ದಿತು. ಸೀ ಹ್ಯಾರಿಯರ್ ವಿಮಾನಗಳಿಗಾಗಿ ಮುಂದುಗಡೆ ಮೇಲಕ್ಕೆ ಬಾಗಿದ ಏರುದಾರಿಯನ್ನು ಕಟ್ಟಿದುದು 1980ರ ದಶಕದಲ್ಲಿ. ಮುಂಬಯಿಯಲ್ಲಿ ಅದು ವಸ್ತುಸಂಗ್ರಹಾಲಯವಾಗಿದ್ದಾಗ ತೆಗೆದ ಚಿತ್ರಗಳಲ್ಲೆಲ್ಲ ಈ ಏರುದಾರಿಯೇ ಇರುವುದು. ಅವುಗಳನ್ನು ನಂಬಿ 1971ರ ಹಡಗನ್ನು ಕಟ್ಟಿದರೆ ಅಜ್ಜನ ಬಾಲ್ಯದ ಚಿತ್ರಕ್ಕೆ ಗಡ್ಡವನ್ನು ಬರೆದಂತಾದೀತು. ಹೋಗಿ ನೋಡಿಬರೋಣವೆಂದರೆ, 2014ರಲ್ಲಿ ಹಡಗನ್ನೇ ಒಡೆಯತೊಡಗಿದರು. ಆದುದರಿಂದ ಪ್ರತಿಯೊಂದು ಚಿತ್ರದ ಬೆನ್ನಿನ ಮೇಲೂ ವರ್ಷವನ್ನು ಬರೆದಿಡತಕ್ಕದ್ದು. ವರ್ಷ ತಿಳಿಯದಿದ್ದರೆ ಮೇಲಟ್ಟದ ತುದಿಯನ್ನೂ ಅಲ್ಲಿ ನಿಂತ ವಿಮಾನಗಳನ್ನೂ ನೋಡಿ ಕಾಲವನ್ನು ಊಹಿಸಬಹುದು.