ಎಷ್ಟು ಎಚ್.ಪಿ. ಮೋಟಾರು ಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೊಳವೆಬಾವಿ ಕೊರೆಸಿದವರನ್ನು ಜನ ಕೇಳುವ ಪ್ರಶ್ನೆಗಳು ಮೂರು: ಎಷ್ಟು ಅಡಿ, ಎಷ್ಟು ಇಂಚು ನೀರು, ಎಷ್ಟು ಎಚ್.ಪಿ. ಮೋಟಾರು? ಮೂರನೆಯದಕ್ಕೆ ಉತ್ತರವನ್ನು ಎರಡನೆಯದರಿಂದ ಪಡೆಯಬೇಕು. ಆದರೆ ಬಹುಮಂದಿ ಪಕ್ಕದ ಹೊಲದವರ ಮೋಟಾರನ್ನು ನೋಡಿ ಪಡೆಯುತ್ತಾರೆ. ಅವರದು ಏಳೂವರೆಯಾದರೆ ನಮ್ಮದು ಹತ್ತು! ಇದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಕಠಿಣವೇನಲ್ಲ. ಮೋಟಾರನ್ನು ಕೆಲವು ಗಂಟೆ ಓಡಿಸಿ, ಬಾವಿಯ ನೀರಿನ ಮಟ್ಟ ಒಂದು ಕಡೆ ನಿಂತ ಮೇಲೆ 200 ಲೀಟರಿನ ಡ್ರಮ್ಮನ್ನು ಹಿಡಿಯಿರಿ. ಅದು ತುಂಬಲು 200 ಸೆಕೆಂಡು ಹಿಡಿದರೆ ಇಳುವರಿ ಸೆಕೆಂಡಿಗೆ ಒಂದು ಲೀಟರ್. ಆ ಮಟ್ಟದಿಂದ ತೊಟ್ಟಿಯವರೆಗಿನ ಎತ್ತರ ಮತ್ತು ಪೈಪಿನ ಘರ್ಷಣೆ ಸೇರಿ 150 ಮೀಟರ್ ಎನ್ನೋಣ. ಒಂದನ್ನು 150ರಿಂದ ಗುಣಿಸಿ 75ರಿಂದ ಭಾಗಿಸಿದರೆ ಎರಡು ಅಶ್ವಶಕ್ತಿ. ಪಂಪಿನಲ್ಲಿ ಅರ್ಧದಷ್ಟು ಶಕ್ತಿ ನಷ್ಟವಾದರೂ ನಾಲ್ಕು. ಐದು ಎಚ್.ಪಿ. ಧಾರಾಳವಾಯಿತು. ಗಮನಿಸಿ, ಇಲ್ಲಿ ಬಾವಿಯನ್ನು ಎಷ್ಟು ಅಡಿ ಕೊರೆಸಿದಿರಿ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಅಲ್ಲಿಗೆ ದೊಡ್ಡ ಮೋಟಾರನ್ನೂ ಅದಕ್ಕೆ ತಕ್ಕ ದೊಡ್ಡ ಪಂಪನ್ನೂ ಇಳಿಸಿದರೆ, ಬಂಡೆಯ ಬಿರುಕು ಕೊಡುವುದಕ್ಕಿಂತ ವೇಗವಾಗಿ ನೀರನ್ನೆಳೆದು ಬಾವಿ ಬರಿದಾಗುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದೇ ಸುತ್ತಲಿನ ನೀರು. ಅದು ತಪ್ಪಿದರೆ ವೈಂಡಿಂಗ್ ಸುಡುತ್ತದೆ. ಪೈಪು ಎತ್ತಿಸುವ ಕೂಲಿ, ರಿಪೇರಿ, ಅಷ್ಟರಲ್ಲಿ ಒಣಗುವ ತೋಟ, ಕೊನೆಗೆ ಸಾಲ.

"ಕರೆಂಟು ಇರುವುದೇ ಕೆಲವು ಗಂಟೆ, ಅಷ್ಟರಲ್ಲೇ ಎಳೆದುಕೊಳ್ಳಬೇಡವೇ ಮೇಷ್ಟ್ರೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಬಿರುಕಿನಲ್ಲಿ ಒಸರುವ ನೀರಿಗೆ ಕರೆಂಟಿನ ವೇಳಾಪಟ್ಟಿ ತಿಳಿಯದು. ಚಿಕ್ಕ ಮೋಟಾರು ಎತ್ತಿದ್ದನ್ನು ತೊಟ್ಟಿಯಲ್ಲೋ ಹಾಳೆ ಹಾಸಿದ ಕೃಷಿಹೊಂಡದಲ್ಲೋ ಕೂಡಿಟ್ಟು ಹನಿ ನೀರಾವರಿಗೆ ಬಿಡುವುದೇ ದಾರಿ. ಹತ್ತು ಎಚ್.ಪಿ.ವರೆಗೆ ವಿದ್ಯುತ್ ಉಚಿತವಾದ್ದರಿಂದ ದೊಡ್ಡ ಮೋಟಾರಿನ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ, ಬಾವಿಯಲ್ಲಿ ಕಾಣುತ್ತದೆ. ಪಾವಗಡದ ತಿರುಮಣಿಯ ಸುತ್ತ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವಿದೆ. ವಿದ್ಯುತ್ತನ್ನು ಹೀಗೆ ಉತ್ಪಾದಿಸಬಹುದು, ಅಂತರ್ಜಲವನ್ನು ಉತ್ಪಾದಿಸುವ ಯಂತ್ರವಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರು. ಈ ನಾಲ್ಕು ತಾಲ್ಲೂಕುಗಳ ತಲಪರಿಗೆಗಳನ್ನು ನೆನೆಯಿರಿ. ಮರಳುನೆಲದಲ್ಲಿ ತಾನಾಗಿ ಜಿನುಗಿದ ನೀರು ಕಾಲುವೆ ಹಿಡಿದು ಹೊಲಕ್ಕೆ ಹರಿಯುತ್ತಿತ್ತು. ನೀರುಗಂಟಿ ಅದನ್ನು ಸರದಿಯಂತೆ ಹಂಚುತ್ತಿದ್ದ. ಹರಿದಷ್ಟೇ ಬೇಸಾಯ. ಕೊಳವೆಬಾವಿಗಳು ಹೆಚ್ಚಿದಂತೆ ಅವುಗಳಲ್ಲಿ ಅನೇಕವು ಬತ್ತಿದವು. ಅವನ್ನೆಲ್ಲ ಮರಳಿ ತರುವುದು ಸುಲಭವಲ್ಲ, ಆದರೆ ಆ ಅಳತೆಯ ಬುದ್ಧಿಯನ್ನು ಉಳಿಸಿಕೊಳ್ಳಬಹುದು.

ಆದ್ದರಿಂದ ಊರಿನಲ್ಲಿ ಜಮೀನಿಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ವಿನಂತಿ: ಅಂಗಡಿಗೆ ಹೋಗುವ ಮುನ್ನ ಡ್ರಮ್ಮು ಹಿಡಿದು ನೀರನ್ನು ಅಳೆಯಿರಿ. ಅಪ್ಪ ಊರಿನಲ್ಲಿ ಒಬ್ಬರೇ ವ್ಯವಸಾಯ ನೋಡಿಕೊಳ್ಳುತ್ತಿದ್ದರೆ, ಬೆಂಗಳೂರಿನಿಂದ ಹಣ ಕಳಿಸುವ ಮೊದಲು ಒಂದು ದಿನ ಬಂದು ಈ ಲೆಕ್ಕವನ್ನು ಅವರೊಡನೆ ಕುಳಿತು ಮಾಡಿರಿ.